ಕೋಡಿಯಿಲ್ಲದ ಕೆರೆ

ಆ ಫೋನ್ ಬಂದದ್ದು ಮೇ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ. ನಮ್ಮ ನಕ್ಷೆಗಳ ಕೆಳಗೆ ಅಚ್ಚಾಗುತ್ತಿದ್ದ ನಂಬರಿನ ಆಫೀಸಿನ ಮೊಬೈಲನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಚಾರ್ಜಿಗೆ ಹಾಕಿಡುತ್ತಿದ್ದೆವು. ಅದು ಬಡಿದುಕೊಂಡರೆ ಹತ್ತಿರ ಕೂತವರು ಎತ್ತಬೇಕು ಎನ್ನುವುದು ಪದ್ಧತಿ. ಅವತ್ತು ಹತ್ತಿರ ಕೂತಿದ್ದವಳು ನಾನು.

ಆ ಕಡೆ ವಯಸ್ಸಾದ ಹೆಂಗಸಿನ ದನಿ. ಬಯಲಿನಲ್ಲಿ ನಿಂತು ಮಾತಾಡುತ್ತಿದ್ದರು ಅನಿಸುತ್ತದೆ, ಮಾತಿನ ನಡುವೆ ಗಾಳಿ ನುಗ್ಗುತ್ತಿತ್ತು.

"ನಕ್ಷೆ ಮಾಡೂ ಆಫೀಸಾ ಇದು?"

"ಹೌದು, ಹೇಳಿ."

"ನಮ್ಮ ಗಜನಿ ಗದ್ದೆನ ಕೆರೆ ಅಂತ ಬರ್ದವ ಯಾರು? ಅಂವಗೆ ಫೋನ್ ಕೊಡಿ."

ಹಾಳೆಯ ನಂಬರ್ ಕೇಳಿದೆ. ಅವರು ಪಕ್ಕದವರಿಂದ ಓದಿಸಿಕೊಂಡು ಹೇಳಿದರು. ನಾನು ಕಂಪ್ಯೂಟರಿನಲ್ಲಿ ಆ ಹಾಳೆ ತೆರೆದೆ. ಕೆಳಗಿನ ಮೂಲೆಯಲ್ಲಿ ಎರಡು ಚೌಕಗಳಿರುತ್ತವೆ, ಒಂದು ಬರೆದವರದು, ಇನ್ನೊಂದು ಪರಿಶೀಲಿಸಿದವರದು. ಕೆಲಸ ಹೆಚ್ಚಿದ್ದ ವಾರಗಳಲ್ಲಿ ಎರಡನ್ನೂ ನಾನೇ ಮಾಡಿದ್ದೆ. ಎರಡು ಚೌಕದಲ್ಲೂ ನನ್ನ ಇನಿಷಿಯಲ್ ಇತ್ತು.

"ಅವರು ಇವತ್ತು ಬಂದಿಲ್ಲ" ಎಂದೆ.

ಆ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಗಾಬರಿಯಾಯಿತು. ಅಪರಿಚಿತರ ಜೊತೆ ಫೋನಿನಲ್ಲಿ ಮಾತು ಬೆಳೆಸುವುದು ನನಗೆ ಯಾವಾಗಲೂ ಕಷ್ಟ. ಆದರೆ ಅವತ್ತಿನದು ಸಂಕೋಚವಲ್ಲ, ತಪ್ಪಿಸಿಕೊಳ್ಳುವ ಆಸೆ ಎಂದು ಆಗಲೇ ಗೊತ್ತಿತ್ತು.

"ಬಂದ್ಮೇಲೆ ಹೇಳು ತಂಗೀ. ಅದು ಕೆರೆ ಅಲ್ಲ, ಗಜನಿ. ನಾವು ಭತ್ತ ಬೆಳೆಯೂ ಜಾಗ. ನಕ್ಷೆ ಪಂಚಾಯ್ತಿ ಗೋಡೆಗೆ ಅಂಟ್ಸಿದ ದಿವಸದಿಂದ ಕಟ್ಟೆ ಕೆಲ್ಸ ನಿಲ್ಸಿದಾರೆ. ಕೆರೆ ಕಟ್ಟೆಗೆ ಮಣ್ಣು ಹಾಕುಕೆ ಸರ್ಕಾರದ್ದು ಪರ್ಮಿಶನ್ ಬೇಕಂತೆ. ಮಳೆ ಬೀಳೂದ್ರೊಳಗೆ ಕಟ್ಟೆ ಆಗ್ದಿದ್ರೆ ಉಪ್ಪುನೀರು ಒಳಗೆ ಹೊಕ್ತದೆ. ಮತ್ತೆ ಈ ವರ್ಷ ಊಟಕ್ಕಿಲ್ಲ. ಬರೂ ವಾರ ಗುರುವಾರ ಸಭೆ ಉಂಟು. ಅದರೊಳಗೆ ಅಂವ ಸರಿ ಮಾಡ್ಬೇಕು."

"ಹೇಳ್ತೀನಿ" ಎಂದೆ. ಫೋನ್ ಇಟ್ಟ ಮೇಲೆ ಪಕ್ಕದ ಸಿಸ್ಟಮ್ಮಿನ ಹುಡುಗಿ ನನ್ನ ಪರದೆಯ ಮೇಲಿನ ಕರಾವಳಿಯ ಹಾಳೆ ನೋಡುತ್ತಾ ಕುರ್ಚಿ ತಿರುಗಿಸಿದಳು. ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಯವಳು, ನಮ್ಮೆಲ್ಲರಿಗಿಂತ ಚಿಕ್ಕವಳು.

"ಯಾರಕ್ಕಾ ಅದು? ಸಮುದ್ರದ ಕಡೆಯಿಂದ ನಿಂಗೆ ಗಂಡು ಬಂದಂಗಿದೆ?"

ನಾನು ನಕ್ಕೆ. ಹಾಳೆಯನ್ನು ಮುಚ್ಚಿದೆ.

ನಮ್ಮದು ಬೆಂಗಳೂರಿನ ಒಂದು ಕಂಪನಿಯ ಸಣ್ಣ ಶಾಖೆ. ಕೆ.ಜಿ.ಎಫ್.ನ ಊರಿಗಾಂನಲ್ಲಿ ಚಿನ್ನದ ಗಣಿ ಕಂಪನಿ ಕಟ್ಟಿಸಿ ಬಿಟ್ಟುಹೋದ ಹಳೆಯ ಕಟ್ಟಡವೊಂದರ ಎರಡು ಕೋಣೆ, ಆರು ಕಂಪ್ಯೂಟರು, ಆರು ಜನ ಹೆಂಗಸರು, ಒಬ್ಬರು ಸೂಪರ್‌ವೈಸರ್. ಚಾವಣಿ ಎಷ್ಟು ಎತ್ತರವೆಂದರೆ ಫ್ಯಾನಿನ ಗಾಳಿ ನಮ್ಮ ತಲೆಯವರೆಗೆ ಇಳಿಯುವುದಿಲ್ಲ. ಬೇಸಿಗೆಯಲ್ಲಿ ಕಿಟಕಿ ತೆಗೆದರೆ ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬದ ಬಿಳಿ ಧೂಳು ಬಂದು ಕೀಬೋರ್ಡಿನ ಮೇಲೆ ಕೂರುತ್ತದೆ. ಮುಚ್ಚಿದರೆ ಸೆಕೆ. ಆದರೂ ಈ ಕೆಲಸಕ್ಕೆ ಜನ ಕಾಯುತ್ತಾರೆ. ಇದಿಲ್ಲದಿದ್ದರೆ ನಸುಕಿನಲ್ಲಿ ಎದ್ದು ಬೆಂಗಳೂರಿನ ರೈಲು ಹತ್ತಬೇಕು, ಬಂಗಾರಪೇಟೆ ಬರುವ ಹೊತ್ತಿಗೆ ನಿಲ್ಲಲೂ ಜಾಗವಿರದ ರೈಲು.

ಉಪಗ್ರಹದಿಂದ ತೆಗೆದ ಚಿತ್ರಗಳು ನಮಗೆ ಹಾಳೆ ಹಾಳೆಯಾಗಿ ಬರುತ್ತವೆ. ಕಾಣುವ ಪ್ರತಿಯೊಂದು ತುಂಡು ನೆಲದ ಅಂಚನ್ನು ಗೆರೆಯಿಂದ ಸುತ್ತಿ ಅದಕ್ಕೊಂದು ವರ್ಗ ಕೊಡಬೇಕು: ಹೊಲ, ತೋಟ, ಕಾಡು, ಊರು, ಕೆರೆ, ನದಿ. ಆ ವರ್ಷ ಬಂದದ್ದು ಉತ್ತರ ಕನ್ನಡದ ಕರಾವಳಿ. ಜಿಲ್ಲೆಯ ಭೂಬಳಕೆಯ ಕರಡು ನಕ್ಷೆಗೆಂದು ಕೊಟ್ಟ ಕೆಲಸ. ಆರು ಜನರಲ್ಲಿ ಒಬ್ಬಳೂ ಆ ಕಡೆ ಹೋದವಳಲ್ಲ. ನಾನು ಭೂಗೋಳಶಾಸ್ತ್ರದಲ್ಲಿ ಎಂ.ಎ. ಮಾಡಿದವಳು, ಉಬ್ಬರವಿಳಿತದ ಮೇಲೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ತೆಗೆದುಕೊಂಡವಳು. ಸಮುದ್ರವನ್ನು ಕಂಡಿರಲಿಲ್ಲ.

ಹಾಗಂತ ನೀರನ್ನು ಕಾಣದವಳಲ್ಲ. ಕ್ಯಾಸಂಬಳ್ಳಿಯ ಹತ್ತಿರದ ನಮ್ಮೂರಿನಲ್ಲಿ ತಾತ ಕೆರೆಯ ನೀರುಗಂಟಿಯಾಗಿದ್ದವರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು, ಕಟ್ಟೆಯಲ್ಲಿ ಇಲಿ ಬಿಲ ತೋಡಿದರೆ ಮೊದಲು ನೋಡುವುದು ಅವರ ಕೆಲಸ. ನನಗೆ ಅಕ್ಷರ ಬರುವ ಮೊದಲೇ ಕೆರೆಯ ಭಾಗಗಳ ಹೆಸರು ಬರುತ್ತಿದ್ದವು. ಕೋಲಾರದವರಿಗೆ ಹೊಳೆ ಇಲ್ಲ. ನೀರು ಎಂದರೆ ಮಳೆಯದು, ಅದು ನಿಂತಿದ್ದರೆ ಯಾರೋ ಕಟ್ಟೆ ಹಾಕಿ ನಿಲ್ಲಿಸಿದ್ದು. ಆ ಹಾಳೆ ನನ್ನ ಮುಂದೆ ಬಂದಾಗ ನೀಲಿ ನೀರಿನ ಹರವು ಕಂಡಿತು, ಅದರ ಅಂಚಿಗೆ ಬಾಗಿದ ಉದ್ದನೆಯ ಮಣ್ಣಿನ ಕಟ್ಟೆ, ಕಟ್ಟೆಯ ನಡುವೆ ತೂಬಿನಂಥ ಚೌಕ ಕಲ್ಲುಕೆಲಸ. ಯೋಚಿಸಲೇ ಇಲ್ಲ. ಸುತ್ತ ಗೆರೆ ಎಳೆದು 'ಕೆರೆ' ಎಂದು ಕೊಟ್ಟು ಮುಂದಿನದಕ್ಕೆ ಹೋದೆ. ಅರ್ಧ ನಿಮಿಷವೂ ಹಿಡಿದಿರಲಾರದು.

ಮಧ್ಯಾಹ್ನ ಊಟವಾದ ಮೇಲೆ ಸೂಪರ್‌ವೈಸರ್ ಬಳಿಗೆ ಹೋಗಿ, ಹೀಗೊಂದು ಫೋನ್ ಬಂದಿತ್ತು ಎಂದಷ್ಟೇ ಹೇಳಿದೆ. ಅವರು ಕೆ.ಜಿ.ಎಫ್.ನಲ್ಲೇ ಹುಟ್ಟಿ ಬೆಳೆದವರು, ಮನೆಮಾತು ತಮಿಳು. ಹಾಳೆಯನ್ನು ನೋಡಿ ಕನ್ನಡಕ ತೆಗೆದರು.

"ಕೆರೆ ತಾನೇಮ್ಮಾ ಇದು?"

"ಹಾಗೇ ಕಾಣುತ್ತೆ ಸಾರ್."

"ಮತ್ತೆ? ನಿಮ್ಮ ಕಡೆ ನೋಡಿಲ್ವಾ? ಕೆರೆ ಒಣಗಿದ ತಕ್ಷಣ ಒಳಗೆ ಭತ್ತ ಹಾಕೋದು, ಆಮೇಲೆ ನಂದು ಅನ್ನೋದು. ಇವರೂ ಹಂಗೇ ಇರ್ತಾರೆ. ಎಲ್ಲಾ ಊರೂ ಒಂದೇ ಮಾ."

ಹೌದು, ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮೂರ ಕೆರೆಯಂಗಳವನ್ನು ಮೂರು ಮನೆಯವರು ಉತ್ತು ಬಿತ್ತಿ, ಸರ್ವೆಯವರು ಬಂದ ದಿನ ಕಣ್ಣೀರು ಹಾಕಿದ್ದನ್ನು ನೋಡಿದವಳು. ಆ ಹೆಂಗಸಿನ ದನಿಯನ್ನೂ ಅದೇ ಸಾಲಿಗೆ ಸೇರಿಸಿ ಸುಮ್ಮನಾಗಬಹುದಿತ್ತು. ಆದರೆ ಕಟ್ಟೆ ಕಟ್ಟದಿದ್ದರೆ ನೀರು ಒಳಗೆ ಬರುತ್ತದೆ ಎಂದಿದ್ದರು. ನಮ್ಮ ಕಡೆಯ ಯಾರೂ ಆ ಮಾತು ಹೇಳಲಾರರು. ಕಟ್ಟೆ ಇಲ್ಲದಿದ್ದರೆ ನೀರು ಹೊರಗೆ ಹೋಗುತ್ತದೆ.

ಬುಧವಾರ, ಗುರುವಾರ ಅದೇ ಜಾಗದ ಬೇರೆ ತಿಂಗಳ ಚಿತ್ರಗಳನ್ನು ಹುಡುಕಿದೆ. ನವೆಂಬರಿನಿಂದ ಮೇವರೆಗೆ ನೀರು. ಜೂನ್‌ನಿಂದ ಅಕ್ಟೋಬರಿನವರೆಗೆ ಏನೂ ಕಾಣದು, ಹಾಳೆ ತುಂಬ ಬಿಳಿ ಮೋಡ. ಅಲ್ಲಿ ಭತ್ತ ಬೆಳೆಯುವುದೇ ನಿಜವಾದರೆ ಅದು ಬೆಳೆಯುವುದು ಆ ಮೋಡದ ಕೆಳಗೆ. ಉಪಗ್ರಹ ಕಣ್ಣುಬಿಡುವ ಹೊತ್ತಿಗೆ ಕೊಯ್ಲು ಮುಗಿದು ನೀರು ಬಿಟ್ಟಿರುತ್ತಾರೆ. ಎಂ.ಎ. ನೋಟ್ಸಿನಲ್ಲಿ ಹುಡುಕಿದಾಗ ಕರಾವಳಿಯ ಮಣ್ಣುಗಳ ಪಟ್ಟಿಯಲ್ಲಿ ಗಜನಿ ಎಂಬ ಪದ ಸಿಕ್ಕಿತು, ನನ್ನದೇ ಅಕ್ಷರದಲ್ಲಿ: ಚೌಳು ಭೂಮಿ. ಅದರಾಚೆ ಒಂದು ಸಾಲೂ ಇಲ್ಲ. ಬರೆದುಕೊಂಡಾಗ ಕೇಳಬೇಕೆಂದು ಅನಿಸಿರಲಿಲ್ಲ.

ಭಾನುವಾರದ ಹೊತ್ತಿಗೆ ಸಭೆಗೆ ನಾಲ್ಕು ದಿನ ಉಳಿದಿತ್ತು. ಹಾಳೆಯ ಪ್ರಿಂಟನ್ನು ಮನೆಗೆ ತಂದಿದ್ದೆ. ಬೆಳಗ್ಗೆ ಅಮ್ಮ ಡೈರಿಗೆ ಹಾಲು ಹಾಕಿ ಬಂದು ಕೊಟ್ಟಿಗೆ ಗುಡಿಸುತ್ತಿದ್ದರು. ತಾತ ಹುಣಸೆ ಮರದ ಕೆಳಗೆ ಕೂತು ಹಗ್ಗ ಹೊಸೆಯುತ್ತಿದ್ದರು. ಪಕ್ಕದಲ್ಲಿ ಕೂತು ಹಾಳೆಯನ್ನು ಅವರ ತೊಡೆಯ ಮೇಲೆ ಹರವಿದೆ. ಯಾವ ಊರಿನದು ಎಂದು ಹೇಳಲಿಲ್ಲ.

"ಇದೇನು ಹೇಳು ತಾತ."

ಅವರು ಹಾಳೆಯನ್ನು ಮುಖಕ್ಕೆ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದರು.

"ಕೆರೆ ಕಣ್ಲೇ. ಇದನ್ನ ಕೇಳಾಕೆ ಇಷ್ಟು ಓದ್ಬೇಕಾಗಿತ್ತಾ?"

ಕೊಟ್ಟಿಗೆಯಿಂದ ಅಮ್ಮ ನಕ್ಕರು. "ಅವ್ಳಿಗೆ ಸಂಬಳ ಕೊಡಾದೇ ಅದಕ್ಕೆ ಮಾವ. ಕೆರೇನ ಕೆರೆ ಅನ್ನಾಕೆ."

ನನಗೆ ಹಗುರಾಯಿತು. ಐವತ್ತು ವರ್ಷ ಕೆರೆ ಕಾದವರೇ ಕೆರೆ ಎಂದ ಮೇಲೆ ಮುಗಿಯಿತು. ಹಾಳೆಯನ್ನು ಮಡಿಸಲು ಕೈ ಚಾಚಿದೆ. ಅವರು ಬಿಡಲಿಲ್ಲ. ಬೆರಳನ್ನು ಕಟ್ಟೆಯ ಒಂದು ತುದಿಯಲ್ಲಿಟ್ಟು ನಿಧಾನವಾಗಿ ಇನ್ನೊಂದು ತುದಿಗೆ ಎಳೆದರು. ವಾಪಸ್ ಬಂದರು.

"ಕೋಡಿ ಎಲ್ಲೈತೆ?"

ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗಲು ಕಟ್ಟೆಯ ಒಂದು ತುದಿಯಲ್ಲಿ ಬಿಡುವ ತಗ್ಗು ದಾರಿ ಕೋಡಿ. ನಾನು ಎರಡೂ ತುದಿ ನೋಡಿದೆ. ಇರಲಿಲ್ಲ.

"ಚಿತ್ರದಲ್ಲಿ ಕಾಣದೇ ಇರಬಹುದು ತಾತ."

"ಕೋಡಿ ಕಾಣ್ದೇ ಇರ್ತೈತಾ? ಇಷ್ಟು ಅಗಲದ ಕೆರೆಗೆ ಕೋಡಿ ಇಲ್ದಿದ್ರೆ ಒಂದೇ ಮಳೆಗೆ ಕಟ್ಟೆ ಕಿತ್ಕೊಂಡು ಓಗ್ತೈತೆ. ಯಾವೋನ್ಲಾ ಇದನ್ನ ಕಟ್ದೋನು, ಕುಡ್ದಿದ್ನಾ?" ಬೆರಳು ಕಟ್ಟೆಯ ಹೊರಗಿನ ಅಂಚಿಗೆ ಹೋಯಿತು. ಅಲ್ಲಿಗೆ ಹಾಳೆ ಮುಗಿಯುತ್ತಿತ್ತು. "ಇದ್ರ ಕೆಳಕ್ಕೆ ಏನೈತೆ? ಗದ್ದೆ ಎಲ್ಲಿ?"

ಕಟ್ಟೆಯ ಕೆಳಗೆ ಗದ್ದೆ ಇರಲೇಬೇಕು. ಕೆರೆ ಕಟ್ಟುವುದೇ ಅದಕ್ಕೆ. ಪಕ್ಕದ ಹಾಳೆಯನ್ನು ಬಿಡಿಸಿದ್ದು ಊರಿಗಾಂನ ಹುಡುಗಿ. ಅವಳು ಏನೆಂದು ಕೊಟ್ಟಿದ್ದಳೋ ನನಗೆ ನೆನಪಿತ್ತು, ಏಕೆಂದರೆ ಅದನ್ನೂ ಪರಿಶೀಲಿಸಿದವಳು ನಾನೇ.

"ನೀರು" ಎಂದೆ. "ಆ ಕಡೆ ನದಿ. ಇದಕ್ಕಿಂತ ಅಗಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಸಮುದ್ರ."

ತಾತ ಹಗ್ಗವನ್ನು ಪಕ್ಕಕ್ಕಿಟ್ಟರು. ಅವರು ಯೋಚಿಸುವಾಗ ಕೆಳತುಟಿಯನ್ನು ಒಳಗೆಳೆದುಕೊಳ್ಳುತ್ತಾರೆ.

"ಅಂಗಾದ್ರೆ ಇದು ಕೆರೆ ಅಲ್ಲ ಬಿಡು. ಇದನ್ನ ಕಟ್ದೋನು ನೀರು ಇಡ್ಕಣಾಕೆ ಕಟ್ಟಿಲ್ಲ. ಆಚೆ ನೀರು ಒಳಕ್ಕೆ ಬರ್ದಂಗೆ ತಡ್ಯಾಕೆ ಕಟ್ಟವ್ನೆ. ಈ ತೂಬು ಐತಲ್ಲ, ಇದು ಒಳಗಿಂದ ಬಿಡಾಕಲ್ಲ. ಬೇಕಾದಾಗ ಒಳಕ್ಕೆ ತಗಣಾಕೆ, ಬ್ಯಾಡ್ದಾಗ ಮುಚ್ಚಾಕೆ. ಕೆರೆನ ತಿರುವಿ ಆಕಿದಂಗೈತೆ." ಹಾಳೆಯನ್ನು ನನ್ನ ಕೈಗೆ ಕೊಟ್ಟು ಕೇಳಿದರು. "ಯಾರು ಇದನ್ನ ಕೆರೆ ಅಂತ ಬರ್ದಿದ್ದು?"

"ಆಫೀಸಿನಲ್ಲಿ ಯಾರೋ" ಎಂದೆ.

ಎರಡನೆಯ ಸಲ. ಈ ಸಲ ಕೇಳಿದವರು ತಾತ. ಅವರು ನನ್ನ ಮುಖ ನೋಡಿ ಹಗ್ಗ ಎತ್ತಿಕೊಂಡರು.

ಸೋಮವಾರ ಆಫೀಸಿನ ಹಿಂದಿನ ಬೇವಿನ ಮರದ ಕೆಳಗೆ ನಿಂತು ನನ್ನ ಸ್ವಂತ ಮೊಬೈಲಿನಿಂದ ಆ ಹೆಂಗಸಿಗೆ ಫೋನ್ ಮಾಡಿದೆ. ಆಫೀಸಿನಿಂದ ಎಂದು ಹೇಳಿದೆ, ಯಾರೆಂದು ಹೇಳಲಿಲ್ಲ. ಕಟ್ಟೆಯ ಬಗ್ಗೆ ಕೇಳಿದೆ. ಅವರು ಮೊದಲು ಸಿಡುಕಿನಿಂದ, ಆಮೇಲೆ ಮಗುವಿಗೆ ಹೇಳುವಂತೆ ವಿವರಿಸಿದರು.

ದಿನಕ್ಕೆ ಎರಡು ಸಲ ಸಮುದ್ರದ ನೀರು ಅಘನಾಶಿನಿ ನದಿಯೊಳಗೆ ಏರುತ್ತದೆ, ಎರಡು ಸಲ ಇಳಿಯುತ್ತದೆ. ಅವರ ಅಜ್ಜಂದಿರ ಕಾಲಕ್ಕೂ ಮೊದಲು ಊರವರು ಸೇರಿ ನದಿಯ ಅಂಚಿಗೆ ಕಟ್ಟೆ ಹಾಕಿ ಒಳಗಿನ ಜೌಗನ್ನು ಗದ್ದೆ ಮಾಡಿಕೊಂಡರು. ಮಳೆಗಾಲದಲ್ಲಿ ಕಟ್ಟೆಯ ಬಾಗಿಲು ಮುಚ್ಚಿ ಮಳೆನೀರಿನಿಂದ ಉಪ್ಪು ತೊಳೆದುಹೋಗಲು ಬಿಡುತ್ತಾರೆ, ಆಮೇಲೆ ಮೊಳಕೆ ಕಟ್ಟಿದ ಬೀಜ ಚೆಲ್ಲುತ್ತಾರೆ. ಕಗ್ಗ ಎಂಬ ಭತ್ತ. ಆಳೆತ್ತರ ಬೆಳೆಯುತ್ತದೆ, ಸ್ವಲ್ಪ ಉಪ್ಪನ್ನೂ ನಾಲ್ಕಾರು ದಿನದ ನೆರೆಯನ್ನೂ ತಡೆಯುತ್ತದೆ. ಕೊಯ್ಲಾದ ಮೇಲೆ ಬಾಗಿಲು ತೆಗೆದರೆ ಉಬ್ಬರದ ನೀರಿನ ಜೊತೆ ಮೀನು, ಸಿಗಡಿ ಒಳಗೆ ಬರುತ್ತವೆ. ಬೇಸಿಗೆಯ ತನಕ ಅವನ್ನು ಹಿಡಿಯುತ್ತಾರೆ. ನಾನು ಕಂಡ ನೀಲಿ ನೀರು ಅದು.

"ಕಟ್ಟೆಗೆ ಪ್ರತಿ ವರ್ಷ ಮಣ್ಣು ಬೇಕು ತಂಗೀ. ಎರಡೂ ತುದಿಯಿಂದ ಶುರು ಮಾಡಿದ್ವಿ. ನಡುವಿಂದು ಬಾಕಿ. ನಡುವಿನಲ್ಲೇ ನನ್ನ ಗದ್ದೆ ಇರೂದು. ನಾನು ಒಬ್ಳೇ ಬುಟ್ಟಿ ಹೊತ್ರೆ ಆಗ್ತದಾ? ಊರಿನವರೂ ಕಾಯ್ದೆಗೆ ಹೆದರ್ಕಂಡು ಕೂತಿದಾರೆ." ಸ್ವಲ್ಪ ತಡೆದು, "ನಿಮ್ಮ ಬದಿ ಹೊಳೆ ಇಲ್ವಾ?" ಎಂದು ಕೇಳಿದರು.

"ಇಲ್ಲ. ಕೆರೆ ಇದಾವೆ."

"ಹಾಂಗೆ" ಎಂದರು. ಆಮೇಲೆ, "ಅಂವ ಬಂದ್ನಾ?"

"ಬರ್ತಾರೆ" ಎಂದೆ.

ಒಳಗೆ ಬಂದು ಸೂಪರ್‌ವೈಸರ್ ಮುಂದೆ ಎರಡು ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಇಟ್ಟೆ. ಕಟ್ಟೆ, ಒಳಗಿನ ನೀರು, ಹೊರಗಿನ ನದಿ. ಕೋಡಿ ಇಲ್ಲದ್ದು, ಗದ್ದೆ ಇಲ್ಲದ್ದು. ಇದನ್ನು ಬರೆದದ್ದೂ ಪರಿಶೀಲಿಸಿದ್ದೂ ನಾನು, ಇದು ಕೆರೆಯಲ್ಲ, ಗುರುವಾರದೊಳಗೆ ತಿದ್ದುಪಡಿ ಪತ್ರ ಹೋಗಬೇಕು ಎಂದೆ. ಬೆಳಗ್ಗೆ ಬಸ್ಸಿನಲ್ಲಿ ಬರುವಾಗ ಈ ವಾಕ್ಯವನ್ನು ಮನಸ್ಸಿನಲ್ಲೇ ಅನೇಕ ಸಲ ಹೇಳಿಕೊಂಡಿದ್ದೆ. ಆದರೂ ಕೊನೆಗೆ ದನಿ ಸಣ್ಣಗಾಯಿತು.

ಅವರು ಎದ್ದು ಬಾಗಿಲು ಹಾಕಿ ಬಂದರು.

"ಪತ್ರ ಅಂದ್ರೆ ಏನು ಗೊತ್ತಾಮ್ಮಾ? ತಪ್ಪು ನಮ್ದು ಅಂತ ನಾವೇ ಬರೆದುಕೊಡೋದು. ಬೆಂಗಳೂರಿನವರು ಏನಂತಾರೆ? ಕೆ.ಜಿ.ಎಫ್. ಬ್ರಾಂಚ್‌ಗೆ ಕೆರೆ ಯಾವುದು, ಗದ್ದೆ ಯಾವುದು ಗೊತ್ತಿಲ್ಲ, ಕೆಲಸ ವಾಪಸ್ ತಗೋಳಿ ಅಂತಾರೆ. ಆರು ಜನ ಇದೀರ. ಆ ಚಿಕ್ಕ ಹುಡುಗಿ ಮನೇಲಿ ದುಡಿಯೋರು ಯಾರು ಹೇಳು?"

ನನಗೆ ಗೊತ್ತಿತ್ತು. ಅವಳೊಬ್ಬಳೇ.

"ಎರಡನೇ ಸುತ್ತಿನಲ್ಲಿ ಎಲ್ಲಾ ತಿದ್ದುಪಡಿ ಜೊತೆ ಇದನ್ನೂ ಸೇರಿಸೋಣ. ಯಾರಿಗೂ ಗೊತ್ತಾಗಲ್ಲ. ಆಗಸ್ಟ್‌ನಲ್ಲಿ."

"ಆಗಸ್ಟ್‌ಗೆ ಮಳೆ ಬಂದು ಎರಡು ತಿಂಗಳಾಗಿರುತ್ತೆ ಸಾರ್."

ಅವರು ಹಾಳೆಗಳ ಕೂಡುಗೆರೆಯ ಮೇಲೆ ಬೆರಳಿಟ್ಟು ಕೂತಿದ್ದರು. ಆಮೇಲೆ ನನ್ನನ್ನು ನೋಡದೆ ಮಾತಾಡಿದರು. ಅವರ ತಂದೆ ಗಣಿಯ ಪ್ಲಾನ್ ಆಫೀಸಿನಲ್ಲಿದ್ದವರಂತೆ, ನೆಲದ ಕೆಳಗಿನ ಸುರಂಗಗಳ ನಕ್ಷೆ ಬರೆಯುವ ಕೆಲಸ. ಹಳೆಯ ಸುರಂಗಗಳಲ್ಲಿ ನೀರು ತುಂಬಿರುತ್ತದೆ. ಹೊಸದಾಗಿ ಕೊರೆಯುವವರು ನಕ್ಷೆ ನಂಬಿ ಕೊರೆಯುತ್ತಾರೆ. ಗೆರೆ ನಾಲ್ಕು ಅಡಿ ತಪ್ಪಿದರೆ ಗೋಡೆ ಒಡೆದು ಆ ನೀರು ಆಳುಗಳ ಮೇಲೆ ಬೀಳುತ್ತದೆ.

"ಅಪ್ಪ ಒಂದು ಗೆರೆ ಎಳೆದ್ರೆ ಮೂರು ಸಲ ಹೋಗಿ ಅಳೆದು ಬರೋರು. ಒಳಗೇ ಇಳಿದು. ನಾವು ಇಲ್ಲಿ ಕೂತು ಎಳೀತೀವಿ." ಕನ್ನಡಕ ಹಾಕಿಕೊಂಡರು. "ನಾನು ಸೈನ್ ಮಾಡಲ್ಲಮ್ಮಾ. ನನ್ನಿಂದ ಆಗಲ್ಲ. ನಿನ್ನ ಹೆಸರಲ್ಲಿ ಬರಿ. ಗುರುವಾರ ಸಭೆಯವರು ಫೋನ್ ಮಾಡಿದ್ರೆ ನೀನೇ ಮಾತಾಡು. ನಾನು ತಡೆಯಲ್ಲ."

ಮಂಗಳವಾರವೂ ಹಿಂಜರಿದು, ಪತ್ರವನ್ನು ಬುಧವಾರ ಬರೆದೆ. ಒಂದು ಪುಟ. ಹಾಳೆಯ ನಂಬರ್, ಜಾಗ, ಕೊಟ್ಟ ವರ್ಗ, ಸರಿಯಾದ ವರ್ಗ, ಕಾರಣ. 'ಪರಿಶೀಲನೆಯಲ್ಲಿ ಲೋಪವಾಗಿದೆ' ಎಂದು ಬರೆದು, ಓದಿ, 'ನಾನು ತಪ್ಪಾಗಿ ಗುರುತಿಸಿದ್ದೇನೆ' ಎಂದು ತಿದ್ದಿದೆ. ಕಳುಹಿಸುವ ಮೊದಲು ಊರಿಗಾಂನ ಹುಡುಗಿ ಹಿಂದೆ ಬಂದು ನಿಂತು ಓದಿದಳು. ಎಂದಿನ ತಮಾಷೆ ಇರಲಿಲ್ಲ.

"ಅಕ್ಕಾ, ನಮ್ಮ ಕೆಲಸ ಹೋಗುತ್ತಾ?"

"ಗೊತ್ತಿಲ್ಲ."

"ಪಕ್ಕದ ಹಾಳೆ ನಂದು ತಾನೇ? ಅದೂ ತಪ್ಪಾ?"

"ಇಲ್ಲ. ನಿನ್ನದು ಸರಿ. ಅದು ನದಿನೇ."

ಅವಳು ಕುರ್ಚಿಗೆ ಹೋಗಿ ಕೂತಳು. ಪತ್ರವನ್ನು ಇಮೇಲಿನಲ್ಲಿ ಕಳುಹಿಸಿದೆ. ಬೆಂಗಳೂರಿಗೊಂದು, ಆ ತಾಲ್ಲೂಕು ಕಚೇರಿಗೊಂದು.

ಗುರುವಾರ ಹನ್ನೆರಡೂವರೆಗೆ ಫೋನ್ ಬಂತು. ಆ ಹೊತ್ತಿಗೆ ಕರೆಂಟ್ ಹೋಗಿತ್ತು. ಆರು ಪರದೆಗಳೂ ಕಪ್ಪಾಗಿ ಕೋಣೆ ನಿಶ್ಶಬ್ದವಾಗಿತ್ತು, ಎಲ್ಲರಿಗೂ ಎಲ್ಲವೂ ಕೇಳುತ್ತಿತ್ತು. ಸೂಪರ್‌ವೈಸರ್ ಒಳಕೋಣೆಯಲ್ಲಿದ್ದರು, ಬಾಗಿಲು ತೆರೆದಿತ್ತು. ಮಾತಾಡಿದವರು ಸಭೆ ನಡೆಸುತ್ತಿದ್ದ ಅಧಿಕಾರಿ. ಫೋನನ್ನು ಸ್ಪೀಕರಿಗೆ ಹಾಕುತ್ತೇನೆ, ಸಭೆಯವರಿಗೆ ಕೇಳಲಿ ಎಂದರು. ಆ ಕಡೆಯ ಗದ್ದಲ ಒಮ್ಮೆಲೆ ದೊಡ್ಡದಾಯಿತು. ಕುರ್ಚಿಗಳು, ಕೆಮ್ಮು, ಯಾರೋ ಯಾರಿಗೋ ಸುಮ್ಮನಿರಲು ಹೇಳಿದ್ದು.

"ನಿಮ್ಮ ಪತ್ರ ನೋಡಿದೆ. ಇದನ್ನ ಕೆರೆ ಅಂತ ಗುರುತು ಮಾಡಿದ್ದು ಯಾರು?"

"ನಾನು."

"ಪರಿಶೀಲನೆ ಮಾಡಿದ್ದು?"

"ಅದೂ ನಾನೇ."

ಸಭೆಯಲ್ಲಿ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ.

"ಸ್ಥಳಕ್ಕೆ ಬಂದು ನೋಡಿದ್ರಾ?"

"ಇಲ್ಲ ಸರ್. ನಾವು ಚಿತ್ರದಿಂದ ಮಾಡ್ತೀವಿ."

"ಹಾಗಾದ್ರೆ ಅವತ್ತು ಕೆರೆ ಅಂದ್ರಿ, ಇವತ್ತು ಅಲ್ಲ ಅಂತೀರಿ. ಎರಡೂ ಅಲ್ಲೇ ಕೂತು. ನಾನು ಯಾವುದನ್ನ ನಂಬಲಿ?"

ಪ್ರಶ್ನೆ ನ್ಯಾಯವಾಗಿತ್ತು. ನನ್ನ ಕೈಯಲ್ಲಿ ಎರಡು ಹಾಳೆಗಳಿದ್ದವು, ಆದರೆ ಅವರಿಗೆ ಅವು ಕಾಣುವುದಿಲ್ಲ. ನಾನು ಕೋಲಾರ ಜಿಲ್ಲೆಯವಳು, ನಮ್ಮ ಕಡೆ ಕಟ್ಟೆ ಇರುವ ನೀರೆಲ್ಲ ಕೆರೆ, ಅದೇ ಅಭ್ಯಾಸದಿಂದ ಬರೆದೆ ಎಂದು ಹೇಳಿದೆ. ಕೆರೆಯಾಗಿದ್ದರೆ ಹೆಚ್ಚಿನ ನೀರು ಹೋಗಲು ಕೋಡಿ ಇರಬೇಕಿತ್ತು, ಕಟ್ಟೆಯ ಕೆಳಗೆ ಗದ್ದೆ ಇರಬೇಕಿತ್ತು, ಇಲ್ಲಿ ಎರಡೂ ಇಲ್ಲ, ಕಟ್ಟೆಯ ಹೊರಗಿನ ನೀರು ಒಳಗಿನ ನೀರಿಗಿಂತ ದೊಡ್ಡದು ಎಂದೆ. ನಿಧಾನವಾಗಿ ಹೇಳಲು ಪ್ರಯತ್ನಿಸಿದೆ. ನಡುವೆ ಸಿಗ್ನಲ್ ಕಡಿದು ಎರಡು ಸಲ ಮೊದಲಿನಿಂದ ಹೇಳಬೇಕಾಯಿತು.

ಆ ಕಡೆ ಕೆಲವರು ಒಟ್ಟಿಗೆ ಮಾತಾಡಿದರು. ಅಧಿಕಾರಿ ಯಾರಿಗೋ ಪಹಣಿ ತೋರಿಸಲು ಹೇಳಿದರು. ಕಾಗದ ಮಗುಚುವ ಸದ್ದು. ಅಷ್ಟೂ ಹೊತ್ತು ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದೆ. ಕೊನೆಗೆ ಅವರು ಹೇಳಿದರು, ತಿದ್ದಿದ ಹಾಳೆ ಶನಿವಾರ ಸಂಜೆಯೊಳಗೆ ಬರಬೇಕು, ಕಟ್ಟೆ ಕೆಲಸ ಇವತ್ತಿನಿಂದಲೇ ಶುರು ಮಾಡಬಹುದು, ಅದನ್ನು ನಡಾವಳಿಯಲ್ಲಿ ಬರೆಸುತ್ತೇನೆ ಎಂದು.

ಫೋನ್ ಇಡುವ ಮೊದಲು ಆ ಹೆಂಗಸಿನ ದನಿ ಹತ್ತಿರ ಬಂತು. ಫೋನನ್ನು ಕೇಳಿ ತೆಗೆದುಕೊಂಡಿರಬೇಕು.

"ಆವತ್ತು ಮಂಗಳವಾರ ಫೋನ್ ಎತ್ತಿದವಳೂ ನೀನೇ ಅಲ್ವಾ?"

"ಹೌದು."

"ಸೋಮವಾರ ಮಾಡಿದವಳೂ?"

"ಹೌದು."

"ಅಂವ ಅಂವ ಅಂತ ನಾನು ಹೇಳ್ತಾ ಇದ್ರೆ ನೀ ಸುಮ್ನಿದ್ದೆ." ಬೈಯಲಿಲ್ಲ. ಲೆಕ್ಕ ಹಾಕುವಂತೆ ಹೇಳಿದರು. "ಆವತ್ತೇ ಹೇಳಿದ್ರೆ ಆವತ್ತೇ ಮಣ್ಣು ಹಾಕ್ತಿದ್ವಿ. ಒಂಬತ್ತು ದಿವಸ ಹೋಯ್ತಲ್ಲ ತಂಗೀ."

ನನ್ನ ಮಾತಿಗೆ ಕಾಯದೆ ಅವರು ಫೋನ್ ಇಟ್ಟರು.

ಬೆಂಗಳೂರಿನಿಂದ ಮರುದಿನ ಪತ್ರ ಬಂತು. ಕೆಲಸ ವಾಪಸ್ ತೆಗೆದುಕೊಳ್ಳಲಿಲ್ಲ. ನನ್ನನ್ನು ಪರಿಶೀಲನೆಯಿಂದ ತೆಗೆದು ಬರೆಯುವ ಕೆಲಸಕ್ಕೆ ಮಾತ್ರ ಇಟ್ಟರು. ನನಗೆ ಅದು ಸರಿಯೆನಿಸಿತು. ಶನಿವಾರ ತಿದ್ದಿದ ಹಾಳೆ ಕಳುಹಿಸಿದ ಮೇಲೆ ನಾನು ಆ ನದಿಯ ಎರಡೂ ದಂಡೆಯ ಹಾಳೆಗಳನ್ನು ಒಂದೊಂದಾಗಿ ತೆರೆದೆ. ಕೋಡಿಯಿಲ್ಲದ ಕೆರೆಗಳು ಇನ್ನೂ ಏಳು ಇದ್ದವು. ನಾಲ್ಕು ನಾನು ಬರೆದವು, ಮೂರು ಬೇರೆಯವರು ಬರೆದು ನಾನು ಸರಿಯೆಂದವು. ಪಟ್ಟಿಯನ್ನು ಸೂಪರ್‌ವೈಸರ್ ಮೇಜಿನ ಮೇಲಿಟ್ಟೆ.

"ಇವಕ್ಕೆ ಯಾರೂ ಫೋನ್ ಮಾಡಿಲ್ವಲ್ಲಮ್ಮಾ" ಎಂದರು.

"ಇಲ್ಲ ಸಾರ್."

ಅವರು ಪಟ್ಟಿಯನ್ನು ಎರಡು ಸಲ ಓದಿದರು. ಪೆನ್ನು ತೆಗೆದರು. ಈ ಸಲ ಕೆಳಗೆ ಅವರೇ ಸಹಿ ಮಾಡಿದರು, ನನ್ನ ಹೆಸರಿಗಿಂತ ಮೇಲೆ.

ಕರಾವಳಿಯಲ್ಲಿ ಮಳೆ ಶುರುವಾದ ಸುದ್ದಿ ಜೂನ್ ಮೊದಲ ವಾರ ಬಂತು. ನಮ್ಮಲ್ಲಿ ಬರೀ ಮೋಡ. ತಿಂಗಳ ಕೊನೆಯವರೆಗೆ ತಡೆದುಕೊಂಡು, ಒಂದು ಸಂಜೆ ನೆಂಟರನ್ನು ಕಳಿಸಲು ಹೋಗಿದ್ದ ಬಂಗಾರಪೇಟೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅವರಿಗೆ ಫೋನ್ ಮಾಡಿದೆ. ಮೊದಲೇ ಯಾರೆಂದು ಹೇಳಿದೆ.

"ಕಟ್ಟೆ ಆಯ್ತಾ?"

"ಆಯ್ತು. ನಡುವಿಂದು ಪೂರ್ತಿ ಆಗಿರ್ಲಿಲ್ಲ. ಅಷ್ಟರಲ್ಲಿ ಮಳೆ ಬಿತ್ತು, ಹಸಿ ಮಣ್ಣು ನಿಲ್ಲುಕಿಲ್ಲ. ಹುಣ್ಣಿಮೆ ದಿವಸ ನೀರು ಏರಿದಾಗ ಸ್ವಲ್ಪ ಒಡೀತು. ಮತ್ತೆ ಕಟ್ಟಿದ್ವಿ."

"ಗದ್ದೆ?"

"ಮೇಲಿನ ಅರ್ಧಕ್ಕೆ ಬೀಜ ಚೆಲ್ಲಿದೆ. ಹುಟ್ಟಿದೆ, ಚಲೋ ಉಂಟು. ಕೆಳಗಿನ ಅರ್ಧಕ್ಕೆ ಉಪ್ಪು ಹೊಕ್ಕಿತು. ಈ ವರ್ಷ ಅದಿಲ್ಲ."

ರೈಲು ಬರುವ ಪ್ರಕಟಣೆ ಮೂರು ಭಾಷೆಗಳಲ್ಲಿ ಆಗುತ್ತಿತ್ತು. ಅದು ಮುಗಿದ ಮೇಲೆ, ಅರ್ಧದ ಭತ್ತ ಊಟಕ್ಕೆ ಎಷ್ಟು ತಿಂಗಳಾಗುತ್ತದೆ ಎಂದು ಕೇಳಿದೆ. ಕೇಳುವುದು ತಪ್ಪೋ ಏನೋ, ಆದರೆ ನನಗೆ ತಿಳಿಯಬೇಕಿತ್ತು.

"ಸಂಕ್ರಾಂತಿ ದಾಟ್ತದೆ" ಎಂದರು. "ಮತ್ತೆ ನೋಡೂದು."